ಹಗರಿಯ ಮರಳು: ಅಳಿಸುವ ಮುನ್ನ ಓದಬೇಕು

ಆಟಿ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಜಡಿಮಳೆ. ಸುಮಾರು ಅದೇ ಹೊತ್ತಿಗೆ ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ, ಡಿ. ಹಿರೇಹಾಳ್ ಕಡೆ ಆಷಾಢದ ಗಾಳಿ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಘಟ್ಟ ದಾಟುವಾಗ ತೇವ ಕಳೆದುಕೊಂಡು ಅಲ್ಲಿ ಒಣಗಾಳಿಯಾಗಿ ಬೀಸುತ್ತದೆ. ವರ್ಷಕ್ಕೆ ಇಲ್ಲಿ ಸುಮಾರು 3,500 ಮಿಲಿಮೀಟರ್ ಮಳೆಯಾದರೆ ಅನಂತಪುರದ ಪಾಲಿಗೆ ಸುಮಾರು 550 ಮಾತ್ರ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ನಮ್ಮಂತೆಯೇ ಗಡಿಯಾಚೆ ಉಳಿದ ಆ ಕನ್ನಡಿಗರ ನೆಲದ ಸಂಗತಿಯೊಂದು ಇಲ್ಲಿ ವಿಚಾರಾರ್ಹವಾಗಿದೆ.

ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ವೇದಾವತಿಗೆ ಅಲ್ಲಿ ಹಗರಿ ಎಂದು ಹೆಸರು. ವರ್ಷದ ಬಹುಕಾಲ ಬತ್ತಿರುವ ಅದರ ಪಾತ್ರದಿಂದ ಗಾಳಿಯು ಮರಳನ್ನೆತ್ತಿ ಕಣೇಕಲ್, ಬೊಮ್ಮನಹಾಳ್ ಮಂಡಲಗಳ ಹೊಲಗಳ ಮೇಲೆ ಸುರಿಯುತ್ತದೆ. ಮರಳಿನ ದಿಣ್ಣೆಗಳೇ ಅಲ್ಲಿ ಎದ್ದಿವೆ. ದಿಣ್ಣೆ ತೆಗೆಯಬೇಕು, ಗಾಳಿ ತಡೆಯಲು ಮರ ಬೆಳೆಸಬೇಕು ಎಂಬ ರೈತನ ಬೇಡಿಕೆ ಸರ್ವಥಾ ನ್ಯಾಯವಾದುದು. ಆದರೆ ಅಳಿಸುವ ಮುನ್ನ ಒಂದೆರಡು ದಿಣ್ಣೆಗಳನ್ನಾದರೂ ಓದಬೇಕೆಂಬುದು ನಮ್ಮ ವಾದ.

ಮರಳನ್ನು ಓದುವುದೆಂದರೇನು? ಉತ್ತರ ಚೀನದಲ್ಲಿ ಗಾಳಿ ತಂದ ಧೂಳು ಅನೇಕ ಕಡೆ ನೂರು ಮೀಟರಿಗೂ ಮಿಕ್ಕಿ ದಪ್ಪವಾಗಿ ಕುಳಿತಿದೆ. ಮಳೆಗಾಲ ದುರ್ಬಲವಾಗಿದ್ದ ಶೀತಯುಗಗಳಲ್ಲಿ ಮಸುಕು ಹಳದಿ ಪದರ. ಮಳೆ ಸಮೃದ್ಧವಾಗಿದ್ದಾಗ ಅದರ ಮೇಲೆ ಕೆಂಪು ಮಣ್ಣು. ಹೀಗೆ ಇಪ್ಪತ್ತೈದು ಲಕ್ಷ ವರ್ಷಗಳ ಮಾನ್ಸೂನಿನ ಲೆಕ್ಕಪುಸ್ತಕ ಅಲ್ಲಿ ದೊರೆತಿದೆ.

ಪದರದ ವಯಸ್ಸು ತಿಳಿಯುವ ಉಪಾಯವೂ ಇದೆ. ಬಿಸಿಲು ಕಂಡ ಮರಳ ಕಣದಲ್ಲಿ ಸಂಚಿತವಾದ ಶಕ್ತಿ ಅಳಿಸಿಹೋಗುತ್ತದೆ. ಹೂತ ಮೇಲೆ ಸುತ್ತಲಿನ ಸಹಜ ವಿಕಿರಣದಿಂದ ಅದು ಮತ್ತೆ ಕೂಡುತ್ತ ಹೋಗುತ್ತದೆ. ಬೆಳಕು ತಾಗದಂತೆ ಕೊಳವೆಯಲ್ಲಿ ಮರಳು ತೆಗೆದು, ಪ್ರಯೋಗಶಾಲೆಯಲ್ಲಿ ಅದು ಹೊರಸೂಸುವ ಬೆಳಕನ್ನು ಅಳೆದರೆ, ಆ ಕಣ ಕಡೆಯ ಬಾರಿ ಬಿಸಿಲು ಕಂಡದ್ದು ಎಷ್ಟು ಕಾಲದ ಹಿಂದೆ ಎಂದು ಲೆಕ್ಕ ಹಾಕಬಹುದು.

ಹಗರಿಯ ದಿಣ್ಣೆಗಳು ಚೀನದ ಪದರಗಳಷ್ಟು ಸರಳ ಸಾಕ್ಷಿಗಳಲ್ಲ. ದಿಣ್ಣೆ ಬೆಳೆಯಲು ಮಳೆಯ ಅಭಾವವಷ್ಟೇ ಸಾಲದು. ಬಲವಾದ ಗಾಳಿಯೂ ಬೇಕು, ನೀರಿಲ್ಲದ ನದಿಪಾತ್ರವೂ ಬೇಕು. ಇದೇ ನದಿಗೆ ಮೇಲ್ಗಡೆ 1907ರಲ್ಲಿ ಮಾರಿಕಣಿವೆ, 1961ರಲ್ಲಿ ಭೈರವಾನಿತಿಪ್ಪ ಅಣೆಕಟ್ಟುಗಳು ಪೂರ್ಣಗೊಂಡವು. ಆದುದರಿಂದ ದಿಣ್ಣೆಯ ವಯಸ್ಸು ಕೇವಲ ಪಂಡಿತರ ಕುತೂಹಲವಲ್ಲ. ಅಡಿಯ ಪದರ ಸಾವಿರಾರು ವರ್ಷ ಹಳೆಯದಾದರೆ ಗಾಳಿ-ಮಳೆಗಳ ಸ್ವಭಾವಕ್ಕೆ ಹೊಂದಿಕೊಂಡು ಮರ ಬೆಳೆಸುವುದೇ ದಾರಿ. ಬಹುಪಾಲು ಮರಳು ಅಣೆಕಟ್ಟುಗಳ ನಂತರದ್ದಾದರೆ, ನದಿಗೆ ನೀರು ಬಿಡಿರೆಂದು ಕೇಳುವ ಹಕ್ಕು ರೈತನಿಗೆ ಬರುತ್ತದೆ. ಜೆಸಿಬಿಯಿಂದ ಕೆದಕಿ ಲಾರಿಗೇರಿಸಿದ ಮರಳು ಯಾವ ಸಾಕ್ಷ್ಯವನ್ನೂ ಹೇಳಲಾರದು.

ಸರ್ಕಾರವು ಕೆಲವು ದಿಣ್ಣೆಗಳನ್ನು ಗುರುತಿಸಿ, ಪರೀಕ್ಷೆ ಮುಗಿಯುವ ತನಕ ಕಾಯ್ದಿಡಲಿ. ಆ ಜಮೀನಿನ ರೈತನಿಗೆ ಪರಿಹಾರ ಕೊಡಲಿ. ಫಲಿತಾಂಶವು ಆ ಊರವರ ಕನ್ನಡದಲ್ಲೂ ಪ್ರಕಟವಾಗಲಿ. ತಿಳಿಯದ ಭಾಷೆಯಲ್ಲಿ ಬಂದ ನೋಟೀಸಿನ ಬೆಲೆ ಎಷ್ಟೆಂಬುದನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.