28 ವರ್ಷ ತಡವಾಗಿ ಬಂದ ಚಪ್ಪಾಳೆ

ನಾನು ಮನೆಯಲ್ಲಿ ಟೆಕ್ನೋ ಹಾಕಿದರೆ ಅಮ್ಮಿ ಅಡುಗೆಮನೆಯಿಂದಲೇ ಕೇಳುತ್ತಾರೆ, “ಮಿಕ್ಸಿ ಯಾರು ಆನ್ ಮಾಡಿದ್ದು?” ನಮ್ಮ ಕ್ಲಾಸಿನಲ್ಲಿ ಹಲವರ ಅಭಿಪ್ರಾಯವೂ ಇದೇ. ಸಂಗೀತವನ್ನೇ ಕೇಳದವರೂ ನಮ್ಮಲ್ಲಿದ್ದಾರೆ, ಅವರ ನಿಲುವನ್ನು ಗೌರವಿಸುತ್ತೇನೆ. ನಾನು ಹೇಳಹೊರಟಿರುವುದು ರುಚಿಯ ವಿಷಯವಲ್ಲ. ಹೊಸಬರ ದುಡಿಮೆಗೆ ಬೆಲೆ ಯಾವಾಗ ಕೊಡಬೇಕು ಎಂಬ ವಿಷಯ.

ಹೌಸ್ ಸಂಗೀತ ಅಮೆರಿಕದ ಶಿಕಾಗೊದಲ್ಲಿ, ಟೆಕ್ನೋ ಡೆಟ್ರಾಯಿಟ್‌ನಲ್ಲಿ 1980ರ ದಶಕದಲ್ಲಿ ಬೆಳೆದವು. ಬೆಳೆಸಿದವರು ಕಪ್ಪು ಜನಾಂಗದ ಯುವಕರು. ಡೆಟ್ರಾಯಿಟ್‌ನ ಜುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಹೈಸ್ಕೂಲ್ ಗೆಳೆಯರು. ಈ ಸಂಗೀತದಲ್ಲಿ ‘ಪ್ರೊಡ್ಯೂಸರ್’ ಎಂದರೆ ಸಿನಿಮಾದವರ ಹಾಗೆ ಹಣ ಹಾಕುವವರಲ್ಲ. ತಾಳ, ಸ್ವರ ಎಲ್ಲವನ್ನೂ ಯಂತ್ರದಲ್ಲಿ ತಾವೇ ಕೂರಿಸುವವರು.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಒಂದು ಕಥೆ ಇಲ್ಲಿದೆ. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಯಂತ್ರ ತಂದಿತು. ಬೇಸ್ ಗಿಟಾರ್ ನುಡಿಸುವವರಿಲ್ಲದಿದ್ದಾಗ ಅದು ಕೆಲಸಕ್ಕೆ ಬರಲಿ ಎಂಬ ಉದ್ದೇಶ. ಆದರೆ ಅದರ ಶಬ್ದ ಗಿಟಾರ್‌ನಂತಿರಲಿಲ್ಲ. ವ್ಯಾಪಾರ ಬಿದ್ದುಹೋಯಿತು, 1984ರಲ್ಲಿ ತಯಾರಿಕೆಯೇ ನಿಂತಿತು.

ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಯಂತ್ರ ಶಿಕಾಗೊದ ‘ಫ್ಯೂಚರ್’ ಎಂಬ ತಂಡದ ಹುಡುಗರಿಗೆ ಸಿಕ್ಕಿತು. ಅದರ ಗುಬುಟಗಳನ್ನು ತಿರುಗಿಸುತ್ತಾ ವಿಚಿತ್ರ ಶಬ್ದದ ಒಂದು ಟ್ರ್ಯಾಕ್ ಮಾಡಿ, ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಅವರು ಅದನ್ನು ಹಾಕಿದಾಗ ಜನ ಜಾಗ ಖಾಲಿ ಮಾಡಿದರಂತೆ. ಹಾರ್ಡಿ ಬಿಡಲಿಲ್ಲ, ಅದೇ ರಾತ್ರಿ ಮತ್ತೆ ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂದು ಬಿಡುಗಡೆಯಾದ ಅದರಿಂದ ಆಸಿಡ್ ಹೌಸ್ ಎಂಬ ಶೈಲಿಗೇ ಹೆಸರು ಬಂತು.

ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಇದೇ ಯಂತ್ರದಲ್ಲಿ ಭೈರವ್, ಯಮನ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಆಲ್ಬಂ ಮಾಡಿದ್ದರು. ಅವರು ಹಿಂದಿ ಸಿನಿಮಾ ವಾದ್ಯವೃಂದದ ಕಲಾವಿದರು. ಇಂದು ಕೇಳಿದವರು ಅದನ್ನು ಆಸಿಡ್ ಹೌಸ್ ಎಂದೇ ಹೇಳುತ್ತಾರೆ. ಆದರೆ ಆಗ ಕೊಳ್ಳುವವರಿರಲಿಲ್ಲ. ಡಚ್ ಸಂಗ್ರಾಹಕರೊಬ್ಬರಿಗೆ 2002ರಲ್ಲಿ ಅದರ ರೆಕಾರ್ಡ್ ಸಿಕ್ಕಿ, 2010ರಲ್ಲಿ ಮತ್ತೆ ಬಿಡುಗಡೆಯಾಯಿತು. ಜಗತ್ತು ಚಪ್ಪಾಳೆ ತಟ್ಟಿತು. 2015ರಲ್ಲಿ ಚರಣ್‌ಜಿತ್ ತೀರಿಕೊಂಡರು.

ಯಂತ್ರ ಒಂದೇ. ಒಂದು ಕಡೆ ನಾಲ್ಕು ಸಲ ಹಾಕುವ ಹಟವಾದಿ ಒಬ್ಬರಿದ್ದರು, ಇನ್ನೊಂದು ಕಡೆ ಅಂಥವರಿರಲಿಲ್ಲ. ವ್ಯತ್ಯಾಸ ಅಷ್ಟೇ ಎಂದು ನನಗನ್ನಿಸುತ್ತದೆ.

ಇದು ಹಳೆಯ ಕಥೆಯಲ್ಲ. ನನ್ನ ಖಾಲಾ ಮಗ, ನನಗಿಂತ ಐದು ವರ್ಷ ದೊಡ್ಡವರು, ಬೆಂಗಳೂರಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಲ್ಯಾಪ್‌ಟಾಪಿನಲ್ಲಿ ಹೌಸ್ ಟ್ರ್ಯಾಕ್ ಮಾಡುತ್ತಾರೆ. ಒಂದು ಕಾರ್ಯಕ್ರಮದವರು ಅವರನ್ನು ಎರಡು ಗಂಟೆ ನುಡಿಸಿ, “ನಿಮಗೆ ಪ್ರಚಾರ ಸಿಕ್ಕಿತಲ್ಲ” ಎಂದು ಕೈತೊಳೆದುಕೊಂಡರು. ರಂಜಾನ್ ರಜೆಯಲ್ಲಿ ಬಂದಾಗ ಕೀಬೋರ್ಡ್ ಮಾರುವ ಮಾತಾಡಿದರು. ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಒಂದು ವರ್ಷದಿಂದ ಅವರ ಎಲ್ಲ ಟ್ರ್ಯಾಕ್‌ಗಳನ್ನು ನಾನೂ ವಾಟ್ಸ್‌ಆ್ಯಪ್‌ನಲ್ಲಿ ಪುಕ್ಕಟೆ ತರಿಸಿಕೊಂಡು ಕೇಳಿದ್ದೆ. ಒಂದು ಪೈಸೆ ಕೊಟ್ಟಿರಲಿಲ್ಲ.

“ಸ್ಟ್ರೀಮಿಂಗ್‌ನಿಂದ ದುಡ್ಡು ಬರುತ್ತಲ್ಲ?” ಎಂದು ನೀವು ಕೇಳಬಹುದು. 2024ರಿಂದ ಸ್ಪಾಟಿಫೈ ನಿಯಮದ ಪ್ರಕಾರ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಪ್ಲೇ ಆಗದ ಟ್ರ್ಯಾಕಿಗೆ ರಾಯಲ್ಟಿ ಸಿಗುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ನೇರವಾಗಿ ಕೊಂಡರೆ ಲೆಕ್ಕ ಬೇರೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟು ಹಿಡಿಯುತ್ತದೆ. ಪಾವತಿ ಶುಲ್ಕ ಕಳೆದು ಉಳಿದದ್ದು ಮಾಡಿದವರಿಗೆ.

ಅಬ್ಬಾ ತಮ್ಮ ಮರಗೆಲಸದ ಅಂಗಡಿಯಲ್ಲಿ ಪ್ರತಿ ಶನಿವಾರ ಸಂಜೆ ಹುಡುಗರಿಗೆ ಬಟವಾಡೆ ಮಾಡುತ್ತಾರೆ. ವ್ಯಾಪಾರ ಇಲ್ಲದ ವಾರವೂ ತಪ್ಪಿಸುವುದಿಲ್ಲ. “ಕೆಲಸ ಮಾಡಿಸಿಕೊಂಡ ಮೇಲೆ ಕಾಯಿಸಬಾರದು” ಎನ್ನುತ್ತಾರೆ. ಚರಣ್‌ಜಿತ್ ಸಿಂಗ್‌ರನ್ನು ನಾವು 28 ವರ್ಷ ಕಾಯಿಸಿದೆವು.

ಆ ವಾರ ಪಾಕೆಟ್ ಮನಿಯಿಂದ ಭಾಯಿಗೆ 100 ರೂಪಾಯಿ ಫೋನ್‌ಪೇ ಮಾಡಿದೆ. “ರಸೀದಿ ಬೇಕಾ?” ಎಂದು ತಮಾಷೆ ಮಾಡಿದರು. ರಾತ್ರಿ ಫೋನ್ ಮಾಡಿ ಅರ್ಧ ಮುಗಿದ ಹೊಸ ಟ್ರ್ಯಾಕ್ ಕೇಳಿಸಿದರು. ಕೀಬೋರ್ಡ್ ಇನ್ನೂ ಅವರ ಬಳಿಯೇ ಇದೆ.

ಸ್ನೇಹಿತರೇ, ನಿಮಗೆ ಟೆಕ್ನೋ ಇಷ್ಟವಾಗಬೇಕಿಲ್ಲ. ನಿಮ್ಮ ಪರಿಚಯದಲ್ಲಿ ಪೋಸ್ಟರ್ ಬರೆಯುವವರು, ಮೆಹಂದಿ ಹಾಕುವವರು, ವಿಡಿಯೊ ಮಾಡುವವರು ಇದ್ದೇ ಇರುತ್ತಾರೆ. ಅವರ ಕೆಲಸಕ್ಕೆ ಚಿಕ್ಕದಾದರೂ ಬೆಲೆ ಕೊಡಿ, ಹಂಚುವಾಗ ಅವರ ಹೆಸರು ಹಾಕಿ, ಮೊದಲ ಸಲ ಹಿಡಿಸದಿದ್ದರೆ ಇನ್ನೊಮ್ಮೆ ನೋಡಿ. ನಮ್ಮ ಕಾಲೇಜು ಡೇ ಸಮಿತಿಗೂ ಒಂದು ಮನವಿ: ಈ ವರ್ಷ ಹೊಸಬರನ್ನು ಕರೆಸಿದರೆ ಶಾಲಿನ ಜೊತೆ ಒಂದು ಕವರನ್ನೂ ಕೊಡೋಣ.