ಯಂತ್ರಕ್ಕೂ ಕನ್ನಡ ಬರುತ್ತದಂತೆ!

ಮೊನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಕಾಯುತ್ತ ಚಾದಂಗಡಿಯ ಬೆಂಚಿನಲ್ಲಿ ಕುಳಿತಿದ್ದೆವು. ಪರಿಚಯದ ಅಡಕೆ ವ್ಯಾಪಾರಿಯೊಬ್ಬರು ತಮ್ಮ ಮೊಬೈಲನ್ನು ನಮ್ಮ ಮೂಗಿನ ಮುಂದೆ ಹಿಡಿದರು. “ನೋಡಿ ಮಾಷ್ಟ್ರೇ, ಮಲಯಾಳದಲ್ಲಿ ಬಂದ ಕಾಗದವನ್ನು ಇದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕನ್ನಡ ಮಾಡಿ ಕೊಡ್ತದೆ. ಇನ್ನು ನಿಮ್ಮಂಥವರಿಗೆ ಏನು ಕೆಲಸ?” ಎಂದರು. ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಚಾ ಕುಡಿದು ಬಸ್ಸು ಹತ್ತಿದ ಮೇಲೆ ಮಾತ್ರ ಆ ಪ್ರಶ್ನೆ ನಕ್ಕು ಬಿಟ್ಟುಬಿಡುವಂಥದ್ದಲ್ಲ ಎನಿಸಿತು.

ಪತ್ರಿಕೆ ತೆರೆದರೆ ಈಗ ಇಂಥ ಸುದ್ದಿಗಳೇ. ಗೂಗಲ್ ಕಂಪೆನಿಯ ಅನುವಾದ ಯಂತ್ರ ಕನ್ನಡ ಕಲಿತದ್ದು 2011ರಲ್ಲಿ. ಕೇಂದ್ರ ಸರಕಾರ ಭಾರತೀಯ ಭಾಷೆಗಳ ನಡುವಿನ ಅನುವಾದಕ್ಕೆಂದು ‘ಭಾಷಿಣಿ’ ಎಂಬ ವ್ಯವಸ್ಥೆಯನ್ನು 2022ರ ಜುಲೈಯಲ್ಲಿ ಉದ್ಘಾಟಿಸಿತು. 2024ರಲ್ಲಿ ಗೂಗಲ್ ಯಂತ್ರಕ್ಕೆ ತುಳುವೂ ಬಂತು. ಅದೇ ವರ್ಷದ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಏಳನೆಯ ತರಗತಿಯ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಸೇರಿತು. ಮುಖ ನೋಡಿ ಭಾವವನ್ನು ಗುರುತಿಸುವ ಪ್ರೋಗ್ರಾಮನ್ನು ಮಕ್ಕಳೇ ಮಾಡಬೇಕು. 2025ರ ಆಗಸ್ಟಿನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿದ್ದೂ ಆಯಿತು. ಸಂತೋಷವೇ. ಸಾಕ್ಷರರಾದ ಮೇಲೆ ಓದುವುದು ಯಾವ ಭಾಷೆಯಲ್ಲಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಯಂತ್ರದ ಕನ್ನಡ ಎಂಥದು ಎಂದು ನಾಡಿಗೆಲ್ಲ ತಿಳಿದದ್ದು 2025ರ ಜುಲೈಯಲ್ಲಿ. ಆ ತಿಂಗಳ 14ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಆಗ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಸಿದ್ಧರಾಮಯ್ಯನವರು ಅಂತಿಮ ದರ್ಶನಕ್ಕೆ ಹೋದರು. ಹೋಗಿ ಬಂದದ್ದನ್ನು ಅವರ ಕಚೇರಿಯವರು ಕನ್ನಡದಲ್ಲಿ ಬರೆದು ಫೇಸ್‌ಬುಕ್ಕಿನಲ್ಲಿ ಹಾಕಿದರು. ಕೇಳದಿದ್ದರೂ ಅದನ್ನು ಇಂಗ್ಲಿಷಿಗೆ ಅನುವಾದಿಸಿದ ಯಂತ್ರ, ಸ್ವತಃ ಮುಖ್ಯಮಂತ್ರಿಗಳೇ ತೀರಿಕೊಂಡರೆಂದು ಸಾರಿಬಿಟ್ಟಿತು! ಮುಖ್ಯಮಂತ್ರಿಗಳ ಕಡೆಯಿಂದ ಮೆಟಾ ಕಂಪೆನಿಗೆ ಪತ್ರ ಹೋಯಿತು. ಸರಿಯಾಗುವ ತನಕ ಕನ್ನಡದ ಅನುವಾದವನ್ನೇ ನಿಲ್ಲಿಸಿ ಎಂದು ಕೇಳಿದರು. ಕಂಪೆನಿ ಕ್ಷಮೆ ಕೇಳಿ, ದೋಷವನ್ನು ಸರಿಪಡಿಸಿದ್ದೇವೆ ಎಂದಿತು. ಅಲ್ಲಿಗೆ ಸುದ್ದಿ ಮುಗಿಯಿತು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಮಗೆ ಮಾತ್ರ ಅದು ಮುಗಿಯಲಿಲ್ಲ. ಮರುದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆದೆವು: ‘ರಾಮರಾಯರು ನಿನ್ನೆ ತೀರಿಕೊಂಡ ಗೆಳೆಯನ ಮನೆಗೆ ಹೋದರು.’ ತೀರಿಕೊಂಡವರು ಯಾರು ಎಂದು ಕೇಳಿದೆವು. “ಗೆಳೆಯ” ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿತು. ಆ ಮಕ್ಕಳಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಂಕಣಿಯವರಿದ್ದಾರೆ, ಬ್ಯಾರಿ, ಮರಾಟಿ, ಮಲಯಾಳ ಆಡುವವರೂ ಇದ್ದಾರೆ. ಒಬ್ಬರಿಗೂ ಸಂಶಯ ಬರಲಿಲ್ಲ. ‘ತೀರಿಕೊಂಡ’ ಎಂಬ ಕೃದಂತ ತನ್ನ ನಂತರ ಬರುವ ನಾಮಪದಕ್ಕೆ ಅಂಟುತ್ತದೆಯೇ ಹೊರತು ಹಿಂದಿನದಕ್ಕಲ್ಲ. ವಾಕ್ಯದ ನಿಜವಾದ ಕ್ರಿಯಾಪದ ಕೊನೆಯಲ್ಲಿ ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಆ ನಡೆಗೆ ಒಗ್ಗಿದ ಯಂತ್ರ ಮೊದಲು ಸಿಕ್ಕ ಹೆಸರಿಗೆ ಮೊದಲು ಸಿಕ್ಕ ಕ್ರಿಯೆಯನ್ನು ಜೋಡಿಸಿಬಿಟ್ಟಿತೆಂದು ತೋರುತ್ತದೆ. ಮುಖ ನೋಡಿ ನಗುವೋ ಅಳುವೋ ಎಂದು ಹೇಳಬಲ್ಲ ಯಂತ್ರಕ್ಕೆ ಸತ್ತವರು ಯಾರು, ಹೂಹಾರ ಇಟ್ಟವರು ಯಾರು ಎಂಬುದು ತಿಳಿಯಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಯಂತ್ರಕ್ಕೆ ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ಎರಡು ಭಾಷೆಗಳಲ್ಲಿರುವ ಲಕ್ಷಾಂತರ ವಾಕ್ಯಗಳ ಜೋಡಿಗಳನ್ನು ಉಣಿಸಿ, ಇದಕ್ಕೆ ಇದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಲು ಕಲಿಸುತ್ತಾರೆ. ಇಂಗ್ಲಿಷು–ಫ್ರೆಂಚಿಗೆ ಅಂಥ ಜೋಡಿಗಳು ಧಾರಾಳ. ಕೆನಡಾ ದೇಶದ ಪಾರ್ಲಿಮೆಂಟಿನ ನಡವಳಿಯೇ ಎರಡೂ ಭಾಷೆಗಳಲ್ಲಿ ಅಚ್ಚಾಗುತ್ತದೆ. ಕನ್ನಡಕ್ಕೆ ಅಷ್ಟು ಮೇವು ಇಲ್ಲ. ನಮ್ಮ ಗಡಿನಾಡಿನ ಕನ್ನಡಕ್ಕಂತೂ ಇನ್ನೂ ಕಡಮೆ. ಕುಮ್ಕಿ, ವರ್ಗ, ಮೂಲಗೇಣಿ ಎಂಬ ಮಾತುಗಳು 1956ಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನ ಜಮೀನು ದಾಖಲೆಗಳಲ್ಲಿ ಕುಳಿತಿವೆ. ಅವನ್ನು ಯಂತ್ರಕ್ಕೆ ಯಾರು ಉಣಿಸಿದ್ದಾರೆ? ಮಲಯಾಳ–ಕನ್ನಡದ ನೇರ ಜೋಡಿಗಳು ಸಾಲದಾದಾಗ ಇಂಗ್ಲಿಷನ್ನು ಮಧ್ಯದಲ್ಲಿಟ್ಟು ಅನುವಾದಿಸುವ ಪದ್ಧತಿಯೂ ಉಂಟು. ಚಂದ್ರಗಿರಿ ಹೊಳೆ ದಾಟುವುದಕ್ಕೆ ಲಂಡನ್ನಿಗೆ ಹೋಗಿ ಬಂದ ಹಾಗೆ! ಹೋಗಿ ಬರುವಾಗ ‘ನೀವು’ ಎಂಬ ಗೌರವ ಅಲ್ಲೇ ಕಳೆದು, ‘ನೀನು’ ಮಾತ್ರ ಮನೆಗೆ ಬಂದರೂ ಬಂತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಯಂತ್ರ ಬರುವ ಮೊದಲು ನಮ್ಮ ಜಿಲ್ಲೆಯ ಕನ್ನಡ ಫಲಕಗಳು, ಕರಪತ್ರಗಳು ಶುದ್ಧವಾಗಿದ್ದವೇ? ಮಲಯಾಳದ ‘ಅವಧಿ’ ಎಂದರೆ ರಜೆ. ಕನ್ನಡದಲ್ಲಿ ಕಾಲದ ಮಿತಿ. ಮಲಯಾಳದ ‘ಅಪೇಕ್ಷ’ ಎಂದರೆ ಅರ್ಜಿ. ನಮಗೆ ಅದು ಮನಸ್ಸಿನ ಆಸೆ. ಅವರ ‘ಅವಸರ’ ಸದವಕಾಶ, ನಮ್ಮ ಅವಸರ ಗಡಿಬಿಡಿ. ಅವರ ‘ಸಂಸಾರ’ ಮಾತುಕತೆ, ನಮ್ಮ ಸಂಸಾರ ಹೆಂಡತಿ ಮಕ್ಕಳು. ಮಲಯಾಳದ ‘ಪ್ರಸಂಗ’ವೆಂದರೆ ಭಾಷಣ, ಯಕ್ಷಗಾನದ ಈ ನಾಡಿನಲ್ಲಿ ‘ಮುಖ್ಯ ಅತಿಥಿಗಳ ಪ್ರಸಂಗ’ ಎಂದು ಓದಿದವರು ಚೆಂಡೆ ಎಲ್ಲಿ ಎಂದು ಹುಡುಕಬೇಕು. ಲಿಪಿ ಬದಲಿಸಿದರೆ ಭಾಷೆ ಬದಲಾಯಿತೆಂದು ತಿಳಿಯುವವರಿಂದ ಇಂಥ ತಪ್ಪುಗಳು ಹಿಂದಿನಿಂದಲೂ ಆಗುತ್ತ ಬಂದಿವೆ. ನಾವೇ ಪರೀಕ್ಷಿಸಿ ನೋಡಿದೆವು. ಮಲಯಾಳದ ‘ಅವಧಿ’ಯನ್ನು ಯಂತ್ರ ‘ರಜೆ’ ಎಂದೇ ಸರಿಯಾಗಿ ಹೇಳಿತು. ಶಹಭಾಸ್ ಎನ್ನಲೇಬೇಕು.

ಹಾಗಾದರೆ ತಕರಾರು ಏನು? ಒಂದು ಪ್ರಕರಣವನ್ನು ಹೇಳುತ್ತೇವೆ. ನಮ್ಮ ಶಾಲೆಯ ಒಬ್ಬ ಹುಡುಗನ ಅಜ್ಜ ಒಂದು ಕಾಗದ ಹಿಡಿದುಕೊಂಡು ಬಂದರು. ಒಂದು ಕಚೇರಿಯಿಂದ ಬಂದದ್ದು. ಮೂಲ ಮಲಯಾಳದಲ್ಲಿತ್ತು, ಜತೆಗೆ ಕನ್ನಡದ ಹಾಳೆಯೊಂದನ್ನು ಲಗತ್ತಿಸಿದ್ದರು. ‘ನಿನ್ನ ಶ್ರವಣವನ್ನು ಈ ತಾರೀಕಿಗೆ ನಿಗದಿಪಡಿಸಲಾಗಿದೆ, ಹಾಜರಾಗು’ ಎಂದು ಅದರಲ್ಲಿ ಇತ್ತು. “ಮಾಷ್ಟ್ರೇ, ನನ್ನ ಕಿವಿ ಸರಿಯೇ ಉಂಟು. ಇವರು ಯಾಕೆ ಪರೀಕ್ಷೆ ಮಾಡ್ತಾರೆ? ಆಸ್ಪತ್ರೆಯ ಹೆಸರೂ ಹಾಕಲಿಲ್ಲ” ಎಂದರು ಅಜ್ಜ. ಮೂಲವನ್ನು ಓದಿ ನೋಡಿದರೆ ಅದು ಅವರ ಜಾಗದ ತಕರಾರಿನ ವಿಚಾರಣೆ! ಇಂಗ್ಲಿಷಿನ ‘ಹಿಯರಿಂಗ್’ ಕನ್ನಡಕ್ಕೆ ಬರುವಾಗ ಕಿವಿಗೆ ಹೋಗಿ ಕುಳಿತಿತ್ತು. ಅಜ್ಜನ ಕೈಯಲ್ಲಿ ಕಾಗದ ಹದಿನೈದು ದಿನ ಇತ್ತು. ಅವರು ನಮ್ಮಲ್ಲಿಗೆ ಬರುವಾಗ ತಾರೀಕು ಕಳೆದು ಎರಡು ದಿನವಾಗಿತ್ತು. ಇನ್ನೊಂದು ದಿನ ಕೊಡಿ ಎಂದು ಅರ್ಜಿ ಬರೆದುಕೊಟ್ಟೆವು. ಆ ಕಚೇರಿಯಲ್ಲಿ ಈ ಕನ್ನಡ ಬರೆದವರು ಯಾರೆಂದು ವಿಚಾರಿಸಿದರೆ, “ಅದು ಸಿಸ್ಟಮ್ಮಿನಲ್ಲಿ ಆದದ್ದು” ಎಂಬ ಉತ್ತರ ದೊರೆಯಿತು.

ನಮ್ಮ ತಕರಾರು ಇಷ್ಟೇ. ಮನುಷ್ಯ ತಪ್ಪು ಮಾಡಿದರೆ ಅವನಿಗೊಂದು ಮೇಜು, ಒಂದು ಕುರ್ಚಿ, ಒಂದು ಹೆಸರು ಇರುತ್ತದೆ. ಹೋಗಿ ಕೇಳಬಹುದು, ಜಗಳವಾಡಬಹುದು. ಸಿಸ್ಟಮ್ಮಿನೊಡನೆ ಜಗಳವಾಡುವುದು ಹೇಗೆ? ಮುಖ್ಯಮಂತ್ರಿಗಳ ವಿಷಯದಲ್ಲಿ ತಪ್ಪಾದರೆ ಅಮೆರಿಕದ ಕಂಪೆನಿ ಕ್ಷಮೆ ಕೇಳುತ್ತದೆ. 2021ರ ಜೂನಿನಲ್ಲಿ ಭಾರತದ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಹುಡುಕಾಟದಲ್ಲಿ ಕನ್ನಡದ ಹೆಸರು ಬಂದಾಗಲೂ, ಕರ್ನಾಟಕವೆಲ್ಲ ಎದ್ದು ನಿಂತ ಮೇಲೆ ಕ್ಷಮೆ ಬಂತು. ನಮ್ಮ ಅಜ್ಜನ ಹಿಂದೆ ಎದ್ದು ನಿಲ್ಲುವವರು ಯಾರು?

ಶಾಲೆಯ ವಿಷಯಕ್ಕೆ ಬಂದರೆ ಭಯ ಇನ್ನೂ ಹೆಚ್ಚು. ಪಾಠಪುಸ್ತಕದಲ್ಲಿ ತಪ್ಪಾದರೆ ಅಧ್ಯಾಪಕ ತಿದ್ದಿ ಹೇಳಬಹುದು. ಪ್ರಶ್ನೆಪತ್ರಿಕೆಯಲ್ಲಿ ತಪ್ಪಾದರೆ? ಪರೀಕ್ಷಾ ಕೊಠಡಿಯಲ್ಲಿ ಕುಳಿತ ಮಗು ಯಾರನ್ನು ಕೇಳಬೇಕು? ಪಕ್ಕದ ಕೊಠಡಿಯಲ್ಲಿ ಮಲಯಾಳ ಮಾಧ್ಯಮದ ಮಗು ಪ್ರಶ್ನೆಗೆ ಉತ್ತರ ಬರೆಯುತ್ತಿರುವಾಗ, ನಮ್ಮ ಮಗು ಪ್ರಶ್ನೆಯ ಅರ್ಥವನ್ನು ಹುಡುಕುತ್ತಿರುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ಟಿ.ಸಿ.ಎಚ್. ತರಬೇತಿಯಲ್ಲಿದ್ದಾಗ ನಮ್ಮ ಗುರುಗಳು, ಮಗುವಿಗೆ ಪ್ರಶ್ನೆ ಅರ್ಥವಾಗದಿದ್ದರೆ ಅದು ಪರೀಕ್ಷೆಯೇ ಅಲ್ಲ ಎಂದು ಹೇಳುತ್ತಿದ್ದರು. ಆ ಮಾತು ಯಂತ್ರಯುಗದಲ್ಲಿಯೂ ಹಳತಾಗಿಲ್ಲ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ಈ ಜಿಲ್ಲೆ ಹಲವು ಬಾರಿ ಕಂಡಿದೆ. ನಾಳೆ ಅಂಥವರ ಕೈಗೆ ಒಂದು ಮೊಬೈಲು ಕೊಟ್ಟು, ‘ಭಾಷೆಯ ತೊಂದರೆ ನಿವಾರಣೆಯಾಯಿತು’ ಎಂದು ಆದೇಶ ಹೊರಡಿಸಿದರೆ? ಕನ್ನಡ ಬಲ್ಲ ಗುಮಾಸ್ತರ, ಅನುವಾದಕರ ಹುದ್ದೆ ತೆರವಾದಾಗ, ಯಂತ್ರವಿದೆಯಲ್ಲ ಎಂದು ಅದನ್ನು ತುಂಬದೆ ಬಿಟ್ಟರೆ? ಚಾದಂಗಡಿಯಲ್ಲಿ ವ್ಯಾಪಾರಿಗಳು ಹೇಳಿದ ತಮಾಷೆಯ ಮಾತು ಕಚೇರಿಯ ಕಡತದಲ್ಲಿ ಬಂದರೆ ತಮಾಷೆಯಲ್ಲ.

ಕಾಯಿದೆ ನಮಗೆ ಕೊಟ್ಟದ್ದು ಏನು ಎಂಬುದನ್ನು ಮರೆಯಬಾರದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿತು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳಿತು. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವಂತೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಅಕ್ಷರಗಳಿರುವ ಯಾವುದಾದರೊಂದು ಹಾಳೆಯನ್ನು ಲಗತ್ತಿಸಿದರೆ ಈ ಹಕ್ಕು ಸಂದಾಯವಾಯಿತೇ? ಓದಿದವನಿಗೆ ಅರ್ಥವಾದರೆ ಮಾತ್ರ ಅದು ಉತ್ತರ.

ಯಂತ್ರವೇ ಬೇಡವೆಂದು ನಾವು ಹೇಳುವುದಿಲ್ಲ. ನಾಲ್ಕು ದಿನದ ಕೆಲಸ ನಾಲ್ಕು ನಿಮಿಷದಲ್ಲಿ ಆಗುವುದಾದರೆ ಯಾರಿಗೆ ಬೇಡ? ಕಾಗದ ಬಂದು ತಿಂಗಳಾದರೂ ಕನ್ನಡ ಪ್ರತಿ ಬಾರದೆ ಕಾದವರಿಗೆ ಇದರ ಉಪಯೋಗ ಗೊತ್ತು. ಆದರೆ ಯಂತ್ರ ಬರೆದದ್ದು ಕರಡು. ಕರಡನ್ನು ತಿದ್ದದೆ ಅಚ್ಚಿಗೆ ಕಳುಹಿಸುವ ಪತ್ರಿಕೆ ಯಾವುದಾದರೂ ಉಂಟೇ? ಇದಕ್ಕೆ ದಾರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಖ್ಯಮಂತ್ರಿಗಳ ಪ್ರಕರಣ ನಡೆದ ಅದೇ 2025ರ ಜುಲೈಯಲ್ಲಿ ಕೇರಳದ ಹೈಕೋರ್ಟು ಜಿಲ್ಲಾ ನ್ಯಾಯಾಲಯಗಳಿಗೆ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ಒಂದು ನೀತಿಯನ್ನು ಹೊರಡಿಸಿತು. ತೀರ್ಪು ಹೇಳುವುದಕ್ಕೆ ಯಂತ್ರವನ್ನು ಬಳಸಕೂಡದು. ಯಂತ್ರ ಮಾಡಿದ ಅನುವಾದವನ್ನು ಅರ್ಹ ಅನುವಾದಕರು ಅಥವಾ ನ್ಯಾಯಾಧೀಶರೇ ಪರಿಶೀಲಿಸಬೇಕು ಎಂಬುದು ಅದರ ತಿರುಳು. ಈ ನಿಯಮ ನ್ಯಾಯಾಲಯಕ್ಕೆ ಬೇಕಾದರೆ, ಗ್ರಾಮ ಕಚೇರಿಗೆ, ಪಂಚಾಯತಿಗೆ, ಪರೀಕ್ಷಾ ಭವನಕ್ಕೆ ಯಾಕೆ ಬೇಡ?

ನಾವು ಕೇಳುವುದು ಮೂರೇ ಮಾತು. ಕನ್ನಡದಲ್ಲಿ ಹೊರಡುವ ಪ್ರತಿಯೊಂದು ಸರಕಾರಿ ಕಾಗದವನ್ನೂ ಕನ್ನಡ ಬಲ್ಲ ಒಬ್ಬ ಮನುಷ್ಯ ಓದಿರಬೇಕು. ಓದಿದವರ ಹೆಸರೂ ಸಹಿಯೂ ಕೆಳಗೆ ಇರಬೇಕು. ಅನುವಾದ ತಪ್ಪಿದ್ದರಿಂದ ಗಡುವು ಮೀರಿದವರಿಗೆ ಕೇಳಿದ ಕೂಡಲೇ ಹೊಸ ಗಡುವು ಸಿಗಬೇಕು. ಯಂತ್ರದ ನೆಪದಲ್ಲಿ ಕನ್ನಡ ಬಲ್ಲವರ ಒಂದು ಹುದ್ದೆಯೂ ಕಡಿಮೆಯಾಗಕೂಡದು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಓದಲು ಬಲ್ಲ ಎರಡು ಕಣ್ಣು, ಸಹಿ ಹಾಕುವ ಒಂದು ಕೈ ಸಾಕು.

ವಾಚಕರಲ್ಲಿಯೂ ಒಂದು ವಿನಂತಿ. ಮನೆಗೆ ಬಂದ ಕನ್ನಡ ಕಾಗದ ಅರ್ಥವಾಗದಿದ್ದರೆ ‘ನಮಗೇ ತಿಳಿಯದು’ ಎಂದು ಮಡಚಿ ಇಡಬೇಡಿ. ಅರ್ಥವಾಗಲಿಲ್ಲ ಎಂದು ಕನ್ನಡದಲ್ಲೇ ಬರೆದು ಅದೇ ಕಚೇರಿಗೆ ಮರಳಿ ಕಳುಹಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ನಮ್ಮ ಅಜ್ಜನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅವರ ಕಿವಿಯಂತೂ ಸರಿಯೇ ಇದೆ. ಶ್ರವಣ ಪರೀಕ್ಷೆ ಬೇಕಾದದ್ದು ಕಚೇರಿಗಳಿಗೆ ಇರಬಹುದು.