ಬಟ್ಟಲಿಲ್ಲದ ಬ್ಯಾಟರಿ

ಮಕ್ಕಳೇ, ಈ ವಾರ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಶ್ರೀಮತಿ ಹಿತ್ತಲಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕರೆಂಟು ಹೋಗಿತ್ತು, ಕತ್ತಲಲ್ಲಿ ಬಿದ್ದಳು ಎಂದು ನೆಂಟರಿಗೆಲ್ಲ ಹೇಳಿದೆ. ಅದು ಪೂರ್ತಿ ನಿಜವಲ್ಲ. ಅವಳು ಬಿದ್ದದ್ದು ನಾನು ಹಿಡಿದಿದ್ದ ಬೆಳಕಿನಲ್ಲಿ.

ಮಗ ತಂದುಕೊಟ್ಟ ಟಾರ್ಚ್ ಅದು. ಡಬ್ಬದ ಮೇಲೆ 300 ಮೀಟರ್ ಎಂದು ಅಚ್ಚಾಗಿತ್ತು. ಬಂದವರಿಗೆಲ್ಲ ಬೀದಿಯ ಕೊನೆಯ ತೆಂಗಿನ ಮರದ ಗೊನೆ ತೋರಿಸಿ ಬೀಗುತ್ತಿದ್ದೆ. ಆ ರಾತ್ರಿ ಹನಿ ಬೀಳಲು ಶುರುವಾಗಿ, ಅವಳು ಹಗ್ಗದ ಮೇಲಿನ ಬಟ್ಟೆ ತರಲು ಎದ್ದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಹಗ್ಗದ ಕಡೆಗೆ ಟಾರ್ಚ್ ಬಿಟ್ಟೆ. ಸೀರೆ, ಪಂಚೆ, ಕ್ಲಿಪ್ಪು ಎಲ್ಲ ಹಗಲಿನ ಹಾಗೆ ಕಂಡವು. ಕಾಲಿನ ಹತ್ತಿರ ಇದ್ದ ಎರಡು ಮೆಟ್ಟಿಲು ಮಾತ್ರ ಕಾಣಲಿಲ್ಲ.

ದಸರಾ ರಜೆಗೆ ಬಂದ ಮೊಮ್ಮಗಳು ಏಳನೆಯ ಕ್ಲಾಸು. ಅಜ್ಜಿಯ ಕೈ ಮುಟ್ಟಿ ನೋಡಿ, ಕಥೆಯೆಲ್ಲ ಕೇಳಿಕೊಂಡು, ನೇರವಾಗಿ ನನ್ನನ್ನೇ ಕೇಳಿದಳು: "ತಾತ, ನೀವು ಟಾರ್ಚ್ ಬಿಟ್ಟಿದ್ರಿ ಅಲ್ವಾ? ಮತ್ತೆ ಅಜ್ಜಿಗೆ ಮೆಟ್ಟಿಲು ಯಾಕೆ ಕಾಣಲಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. "ನೋಡೋಣ ಬಾ" ಎಂದೆ.

ನಮ್ಮ ಕಡೆ ಹಳ್ಳಿಗಳಲ್ಲಿ ಟಾರ್ಚಿಗೂ ಬ್ಯಾಟರಿ ಎಂದೇ ಹೆಸರು. ಮನೆಯಲ್ಲಿ ಇನ್ನೊಂದು ಸಣ್ಣ, ಅಗ್ಗದ ಬ್ಯಾಟರಿ ಇತ್ತು, ಸೆಲ್ ಹಾಕುವಂಥದ್ದು. ಅದರ ತಲೆ ತಿರುಗಿಸಿ ಬಿಚ್ಚಿದರೆ ಗಾಜಿನ ಜೊತೆಗೆ ಒಳಗಿನ ಬೆಳ್ಳಿ ಬಣ್ಣದ ಬಟ್ಟಲೂ ಕೈಗೆ ಬಂತು. ಇದೇ ರಿಫ್ಲೆಕ್ಟರ್. ಉಳಿದದ್ದು ಬರಿಯ ಎಲ್‌ಇಡಿ, ಹೆಸರುಕಾಳಿನಷ್ಟು. ಬಾಗಿಲು ಕಿಟಕಿ ಮುಚ್ಚಿ, ಮೊದಲು ಬಟ್ಟಲು ಹಾಕಿ ಹೊತ್ತಿಸಿದೆವು. ಗೋಡೆಯ ಮೇಲೆ ತಟ್ಟೆಯಷ್ಟಗಲದ ಬೆಳ್ಳನೆಯ ಚಂದ್ರ ಮೂಡಿತು, ಸುತ್ತ ಮಬ್ಬು. ಬಟ್ಟಲು ತೆಗೆದು ಹೊತ್ತಿಸಿದೆವು. ಚಂದ್ರ ಮಾಯ. ಗೋಡೆ, ನೆಲ, ಮಂಚದ ಕಾಲು, ಸೂರಿನ ಮೂಲೆ ಎಲ್ಲವೂ ಒಂದೇ ಹದದ ಬೆಳಕಿನಲ್ಲಿ ನಿಂತವು. ಎಲ್ಲೂ ಕಣ್ಣು ಕುಕ್ಕಲಿಲ್ಲ, ಎಲ್ಲೂ ಕಪ್ಪು ಮಡುಗಟ್ಟಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಶ್ರೀಮತಿ ಹೇಳಿದಳು: "ಆ ಮೂಲೇಲಿ ಜೇಡರ ಬಲೆ ನೋಡ್ರೀ. ತೆಗೀರಿ ಅಂತ ಹೇಳಿ ಎಷ್ಟು ದಿನ ಆಯ್ತು?"

ಬಟ್ಟಲು ಮಾಡುವ ಕೆಲಸವನ್ನು ಬ್ಯಾಂಕಿನ ಗುಮಾಸ್ತನ ಭಾಷೆಯಲ್ಲಿ ಹೇಳಿಬಿಡುತ್ತೇನೆ. ಅದು ಹೊಸದಾಗಿ ಒಂದು ಪೈಸೆಯ ಬೆಳಕನ್ನೂ ಹುಟ್ಟಿಸುವುದಿಲ್ಲ. ಅಕ್ಕಪಕ್ಕದ ಖಾತೆಗಳಿಂದ ಡೆಬಿಟ್ ಮಾಡಿ ನಡುವಿನ ಒಂದೇ ಖಾತೆಗೆ ಕ್ರೆಡಿಟ್ ಮಾಡುತ್ತದೆ, ಅಷ್ಟೇ. ಮೇಲಿನ ತರಗತಿಯ ಮಕ್ಕಳು ಪ್ಯಾರಾಬೋಲ ಎಂಬ ಬಾಗುಗೆರೆಯ ಹೆಸರು ಕೇಳಿರಬಹುದು. ಬಟ್ಟಲನ್ನು ಆ ಆಕಾರದಲ್ಲಿ ಮಾಡಿ, ಅದರ ನಾಭಿಯಲ್ಲಿ ದೀಪ ಇಟ್ಟರೆ, ಬಟ್ಟಲಿಗೆ ತಗುಲಿದ ಕಿರಣಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಹೊರಡುತ್ತವೆ. ಬಟ್ಟಲಿಗೆ ತಗುಲದೆ ನೇರವಾಗಿ ಹೊರಬಿದ್ದದ್ದು ಮಾತ್ರ ಸುತ್ತಲಿನ ಮಬ್ಬು ಬೆಳಕು. ಬಟ್ಟಲಿಲ್ಲದ ಎಲ್‌ಇಡಿಯಾದರೆ ಮುಂದಕ್ಕೆ ಹರಡಿ ಚೆಲ್ಲುತ್ತದೆ. ನಡುಗೆರೆಯಿಂದ 60 ಡಿಗ್ರಿ ಓರೆಗೆ ಹೋದರೂ ಅದರ ಬೆಳಕು ಸುಮಾರು ಅರ್ಧದಷ್ಟು ಇರುತ್ತದೆ.

ಹಾಗಾದರೆ ಆ 300 ಮೀಟರ್? ಟಾರ್ಚುಗಳನ್ನು ಅಳೆಯುವುದಕ್ಕೆಂದೇ ಅಮೆರಿಕದಲ್ಲಿ 2009ರಲ್ಲಿ ಒಂದು ನಿಯಮ ಬಂತು. ಅದರ ಪ್ರಕಾರ, ಬೆಳಕು ಕಾಲು ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚಿನ ದೂರ. ಕಾಲು ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. 300 ಮೀಟರ್ ಎಂದರೆ ಅಷ್ಟು ದೂರದಲ್ಲಿ ಬೆಳದಿಂಗಳು ಬಿದ್ದ ಹಾಗೆ, ಅಷ್ಟೇ! ಅದಕ್ಕಾಗಿ ನಡುವಿನ ಬೆಳಕನ್ನು ಎಷ್ಟು ಒತ್ತಬೇಕು ಗೊತ್ತೇ? ದೂರ ಎರಡು ಪಟ್ಟಾದರೆ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಆ ತೆಂಗಿನ ಗೊನೆ ಕಾಣಿಸಿದ ಸಾಲವನ್ನು ತೀರಿಸಿದ್ದು ನಮ್ಮ ಹಿತ್ತಲ ಮೆಟ್ಟಿಲು.

ಕಣ್ಣಿನದೂ ಒಂದು ಲೆಕ್ಕ ಇದೆ. ಕತ್ತಲಿಗೆ ಕಣ್ಣು ಚೆನ್ನಾಗಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹೊಳೆಯುವ ಒಂದು ಚುಕ್ಕೆ ನೋಡಿದರೆ ಆ ಗಳಿಕೆಯೆಲ್ಲ ಕ್ಷಣದಲ್ಲಿ ಖರ್ಚು. ಪಾಪೆ ಕಿರಿದಾಗುತ್ತದೆ, ಕಣ್ಣು ಆ ಹೊಳಪಿಗೆ ಹೊಂದಿಕೊಳ್ಳುತ್ತದೆ, ಸುತ್ತಲಿನ ಮಬ್ಬು ಬೆಳಕು ಇದ್ದರೂ ಇಲ್ಲದ ಹಾಗೆ. ನಮ್ಮಂಥ ವಯಸ್ಸಾದವರಿಗೆ ಇದು ಇನ್ನೂ ಕಷ್ಟ. ಪಾಪೆ ಮೊದಲಿನಷ್ಟು ಅಗಲ ಅರಳುವುದಿಲ್ಲ, ಒಳಗಿನ ಮಸೂರ ಹಳದಿಗಟ್ಟಿ ಬೆಳಕನ್ನು ತಡೆಯುತ್ತದೆ, ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳುವುದೂ ನಿಧಾನ. ಶ್ರೀಮತಿಯ ಕಣ್ಣನ್ನು ಹಗ್ಗದ ಮೇಲಿನ ಬೆಳ್ಳನೆಯ ಪಂಚೆಗೆ ಕಟ್ಟಿಹಾಕಿ, ಕಾಲನ್ನು ಕತ್ತಲಿಗೆ ಬಿಟ್ಟವನು ನಾನು. ಮೊಮ್ಮಗಳಿಗೂ ಇದನ್ನೇ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಿಜವಾಗಿ ನನಗಿದು ಗೊತ್ತಿರಬೇಕಾದ ಸಂಗತಿಯೇ. ಎಪ್ಪತ್ತರ ದಶಕದಲ್ಲಿ ನಾನು ಸಕಲೇಶಪುರದ ಕಡೆಯ ಒಂದು ಶಾಖೆಯಲ್ಲಿದ್ದೆ. ಆಗ ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕ ಜೂನ್ 30ಕ್ಕೆ ಮುಗಿಯಬೇಕು. ಜೂನ್ ಎಂದರೆ ಆ ಕಡೆ ಎಂಥ ಮಳೆ! ಕರೆಂಟು ಹೋದರೆ ಯಾವಾಗ ಬರುವುದೋ ದೇವರೇ ಬಲ್ಲ. ಪ್ರತಿಯೊಂದು ಉಳಿತಾಯ ಖಾತೆಯ ಬಡ್ಡಿಯನ್ನೂ ಕೈಯಲ್ಲೇ ಲೆಕ್ಕ ಹಾಕಬೇಕು. ನಮ್ಮ ಮ್ಯಾನೇಜರ ಹತ್ತಿರ ಮೂರು ಸೆಲ್ಲಿನ ಉದ್ದನೆಯ ಟಾರ್ಚ್ ಇತ್ತು. ಅದನ್ನು ಲೆಡ್ಜರಿನ ಮೇಲೆ ಬಿಟ್ಟರೆ ನಡುವೆ ಕಣ್ಣು ಕುಕ್ಕುವ ಬಿಳುಪು, ಅಂಚಿನಲ್ಲಿ 3 ಯಾವುದು 8 ಯಾವುದು ತಿಳಿಯದು. ಕೊನೆಗೆ ಜವಾನ ಗ್ಯಾಸ್‌ಲೈಟಿಗೆ ಪಂಪು ಹೊಡೆದು ಮೇಜಿನ ಮೇಲೆ ತೂಗುಹಾಕುತ್ತಿದ್ದ. ಅದಕ್ಕೆ ಬಟ್ಟಲಿಲ್ಲ, ಗುರಿಯಿಲ್ಲ. ಸುತ್ತ ಕೂತ ನಾಲ್ಕು ಗುಮಾಸ್ತರಿಗೂ ತಮ್ಮ ತಮ್ಮ ಲೆಡ್ಜರು ಸಮನಾಗಿ ಕಾಣುತ್ತಿತ್ತು. ನಿಮ್ಮ ಅಜ್ಜ ಅಜ್ಜಿಯರು ಓದಿದ ಲಾಟೀನಿನ ಬೆಳಕೂ ಹೀಗೆಯೇ. ಅವರನ್ನು ಕೇಳಿ ನೋಡಿ, ಗಾಜು ಒರೆಸುವ ಪಾಳಿ ಯಾರದು ಎಂಬ ಜಗಳವೂ ಹೊರಬರುತ್ತದೆ.

ಈಗ ಬಟ್ಟಲಿಲ್ಲದೆಯೇ ತಯಾರಾಗುವ ಟಾರ್ಚುಗಳೂ ಇವೆ. ಟಾರ್ಚ್ ಹುಚ್ಚಿನವರು ಇಂಥದ್ದಕ್ಕೆ ಇಂಗ್ಲಿಷಿನಲ್ಲಿ 'ಮ್ಯೂಲ್', ಅಂದರೆ ಹೇಸರಗತ್ತೆ ಎನ್ನುತ್ತಾರೆ. ಹಣೆಗೆ ಕಟ್ಟಿಕೊಳ್ಳುವ ದೀಪಗಳಲ್ಲೂ ಈ ಬಗೆಯವು ಉಂಟು. ಫ್ಯೂಸ್ ಕಟ್ಟುವಾಗ, ಸ್ಕೂಟರ್ ರಿಪೇರಿಗೆ ಕೂತಾಗ, ಓದುವಾಗ ಎರಡೂ ಕೈ ಬಿಡುವು. ಮೊಬೈಲಿನ ಟಾರ್ಚಿಗೂ ಆಳದ ಬಟ್ಟಲಿಲ್ಲ. ಅದು ಇಡೀ ಫೋಟೋಗೆ ಬೆಳಕು ತುಂಬಲು ಮಾಡಿದ ದೀಪ, ಆದ್ದರಿಂದ ಅಗಲಕ್ಕೇ ಹರಡುತ್ತದೆ.

ಆದರೆ ಒಂದೇ ಕಡೆಯ ಲೆಕ್ಕ ಬರೆದರೆ ಆಡಿಟರ್ ಒಪ್ಪುವುದಿಲ್ಲ. ಬಟ್ಟಲಿಲ್ಲದ ಬ್ಯಾಟರಿ ಹಿಡಿದು ಗದ್ದೆಯ ಆ ಬದಿಯಲ್ಲಿ ಹಂದಿ ಬಂದಿದೆಯೇ ಎಂದು ನೋಡಲಾಗದು. ತೋಟ ಕಾಯುವವರಿಗೆ ಬಟ್ಟಲಿನ ಟಾರ್ಚೇ ಬೇಕು. ಮಂಜಿನಲ್ಲಂತೂ ಹರಡಿದ ಬೆಳಕು ಕಣ್ಣೆದುರೇ ಬಿಳಿಯ ಗೋಡೆಯಾಗುತ್ತದೆ. ಇನ್ನೊಂದು ತೊಂದರೆ: ಬೆಳಕು ಪಕ್ಕಕ್ಕೂ ಚೆಲ್ಲುವುದರಿಂದ ಎದೆಯ ಮಟ್ಟದಲ್ಲಿ ಹಿಡಿದರೆ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಸೊಂಟಕ್ಕಿಂತ ಕೆಳಗೆ, ನೆಲದ ಕಡೆ ಬಾಗಿಸಿ ಹಿಡಿಯಬೇಕು. ಆಗ ಇಟ್ಟ ಹೆಜ್ಜೆ, ಇಡಬೇಕಾದ ಹೆಜ್ಜೆ, ಎರಡೂ ಪಕ್ಕದ ಹುಲ್ಲು ಒಟ್ಟಿಗೇ ಕಾಣುತ್ತವೆ. ಕೊಳಕುಮಂಡಲ ರಾತ್ರಿ ಓಡಾಡುವ ಹಾವು. ಅದು ದಾರಿಯ ಅಂಚಿನಲ್ಲೇ ಇರಬಹುದು, ಟಾರ್ಚಿನ ಚಂದ್ರನೊಳಗೇ ಬಂದು ಮಲಗಬೇಕೆಂದಿಲ್ಲ.

ಮಕ್ಕಳೇ, ಪ್ರಯೋಗ ಮಾಡುವಿರಾದರೆ ಚಾರ್ಜ್ ಮಾಡುವ ಟಾರ್ಚನ್ನು ಬಿಚ್ಚಲು ಹೋಗಬೇಡಿ. ಉರಿಯುವ ಎಲ್‌ಇಡಿಯನ್ನು ದಿಟ್ಟಿಸಬೇಡಿ, ಮುಟ್ಟಲೂ ಬೇಡಿ, ಬಿಸಿ ಇರುತ್ತದೆ. ಬಿಚ್ಚದೆಯೂ ಉಪಾಯ ಇದೆ. ಯಾವುದೇ ಟಾರ್ಚನ್ನು ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಿ. ಸುಣ್ಣ ಬಳಿದ ಸೂರಿಗೆ ಬೆಳಕು ಬಡಿದು ಕೋಣೆಯಿಡೀ ತಣ್ಣಗೆ ಇಳಿಯುತ್ತದೆ. ಇಲ್ಲವೇ ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ನೀರು ತುಂಬಿದ ಬಾಟಲಿ ಇಡಿ, ಮುಚ್ಚಳ ಬಿಗಿಯಾಗಿರಲಿ. ಬಾಟಲಿಯೇ ಲಾಟೀನಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಹಿತ್ತಲ ಬಾಗಿಲ ಪಕ್ಕದ ಮೊಳೆಯಲ್ಲಿ ಬಟ್ಟಲಿಲ್ಲದ್ದೊಂದು ತೂಗುತ್ತಿದೆ. ಮೆಟ್ಟಿಲ ಅಂಚಿಗೆ ಮೊಮ್ಮಗಳು ಬಿಳಿ ಪೇಂಟ್ ಬಳಿದು ಹೋಗಿದ್ದಾಳೆ. ಶ್ರೀಮತಿಯ ಕೈ ಕೂಡಿಕೊಂಡಿದೆ, ಆದರೆ ಚಪಾತಿ ಲಟ್ಟಿಸುವಾಗ ಈಗಲೂ ನೋಯುತ್ತದೆ. ಆದ್ದರಿಂದ ಲಟ್ಟಣಿಗೆ ನನ್ನ ಪಾಲಿಗೆ ಬಂದಿದೆ. ಮೊನ್ನೆ ರಾತ್ರಿ ಕರೆಂಟು ಹೋದಾಗ ನಾನು ಅಭ್ಯಾಸಬಲದಿಂದ ಎದ್ದೆ.

"ನೀವು ಮಲಗಿ, ಬೆಳಕು ನಾನೇ ಹಿಡ್ಕೋತೀನಿ" ಎಂದು ಅವಳೇ ಮೊಳೆಯಿಂದ ತೆಗೆದುಕೊಂಡು ಹೋದಳು. ಕಿಟಕಿಯಿಂದ ನೋಡುತ್ತಿದ್ದೆ. ಒಂದನೆಯ ಮೆಟ್ಟಿಲು, ಎರಡನೆಯ ಮೆಟ್ಟಿಲು, ಆಮೇಲೆ ನೆಲ.